‘ಸ್ವೀನಿ ಟಾಡ್’ ಸಿನಿಮಾನ ಕಿವಿಯಲ್ಲಿ ನೋಡೋದು ಹೇಗೆ: ಶುರುವಿಂದ ಕೊನೆವರೆಗೂ ಒಂದು ಗೈಡ್

ಈ ಸಿನಿಮಾನ ನಾನು ಮೊದಲ ಸಲ ನೋಡಿದ್ದೇ ತಪ್ಪಾಗಿ. ಮೈಸೂರಲ್ಲಿ ಚಿಕ್ಕಮ್ಮನ ಮನೆ, ಭಾನುವಾರ ರಾತ್ರಿ, ಊಟ ಆಗಿತ್ತು, ಡಿವಿಡಿ ಕವರ್ ಮೇಲೆ ಜಾನಿ ಡೆಪ್ ಮುಖ ನೋಡಿ ‘ಕಡಲ್ಗಳ್ಳರ ಸಿನಿಮಾದವನಲ್ವಾ, ಮಜಾ ಇರುತ್ತೆ ಹಾಕೋ’ ಅಂತ ಮನೆಮಂದಿಯೆಲ್ಲ ಬಂದು ಕೂತ್ಕೊಂಡ್ರು. ಮಂಜು, ಹಡಗು, ಬಿಳಿಚಿಕೊಂಡ ಮುಖದ ಹೀರೋ, ಬಾಯಿ ತೆಗೆದ ತಕ್ಷಣ ಹಾಡು. ‘ಇವ್ರು ಮಾತೇ ಆಡಲ್ವೇನೋ’ ಅಂತ ಚಿಕ್ಕಪ್ಪ ಎದ್ದು ಮಲಗೋಕೆ ಹೋದ್ರು. ಚಿಕ್ಕಮ್ಮ ಮಾತ್ರ ಪಾಪ ಅರ್ಧ ಸಿನಿಮಾ ಕೂತಿದ್ರು, ಆಮೇಲೆ ಕುತ್ತಿಗೆ ಕೊಯ್ಯೋದು ಶುರುವಾಯ್ತಲ್ಲ, ಸೆರಗು ಬಾಯಿಗೆ ಹಿಡ್ಕೊಂಡು ‘ಹಾಡೇನೋ ಚೆನ್ನಾಗೇ ಇದೆ ಕಣೋ, ಆ ಕತ್ತಿ ಕೆಳಗಿಡೋಕೆ ಹೇಳು ಅವನಿಗೆ’ ಅಂದ್ರು.

ನಾನೂ ಅವತ್ತು ರಕ್ತ ನೋಡಿದ್ನೇ ಹೊರತು ಸಿನಿಮಾ ನೋಡ್ಲಿಲ್ಲ. ವರ್ಷಗಳಾದ್ಮೇಲೆ ಹೆಡ್‌ಫೋನ್ ಹಾಕ್ಕೊಂಡು ಒಬ್ನೇ ಕೂತು ನೋಡಿದಾಗ ಗೊತ್ತಾಯ್ತು, ಕಣ್ಣಿಗೆ ಕೊನೇ ಹತ್ತು ನಿಮಿಷದಲ್ಲಿ ತೋರಿಸೋದನ್ನ ಈ ಸಿನಿಮಾ ಕಿವಿಗೆ ಮೊದಲ ಅರ್ಧ ಗಂಟೆಯಲ್ಲೇ ಹೇಳ್ಬಿಟ್ಟಿರುತ್ತೆ. ಅದಕ್ಕೇ ಈ ಗೈಡ್. ಅರ್ಧ ಭಾಗ ಸಿನಿಮಾ ನೋಡೋಕೆ ಮುಂಚೆ ಓದೋಕೆ, ಇನ್ನರ್ಧ ನೋಡಿದ್ಮೇಲೆ. ಎಲ್ಲಿ ನಿಲ್ಲಿಸ್ಬೇಕು ಅಂತ ನಾನೇ ಹೇಳ್ತೀನಿ, ದಯವಿಟ್ಟು ನಿಲ್ಲಿಸಿ.

ಹೆಜ್ಜೆ 1: ಯಾರ ಜೊತೆ ನೋಡ್ಬಾರ್ದು ಅನ್ನೋದನ್ನ ಮೊದಲು ತೀರ್ಮಾನ ಮಾಡಿ

ಮಕ್ಕಳ ಜೊತೆ ಬೇಡವೇ ಬೇಡ. ಬ್ರಿಟನ್‌ನಲ್ಲಿ ಇದಕ್ಕೆ 18 ವರ್ಷ ತುಂಬಿದವರಿಗೆ ಮಾತ್ರ ಅನ್ನೋ ಸರ್ಟಿಫಿಕೇಟ್, ಅಮೆರಿಕದಲ್ಲಿ 17ಕ್ಕಿಂತ ಚಿಕ್ಕೋರು ದೊಡ್ಡೋರ ಜೊತೆಗೇ ನೋಡ್ಬೇಕು ಅನ್ನೋ ಆರ್ ರೇಟಿಂಗ್. ಕತ್ತು ಕೊಯ್ಯೋದನ್ನ ಮರೆಯಲ್ಲಿ ಸೂಚ್ಯವಾಗೇನೂ ತೋರಿಸಲ್ಲ, ಕ್ಯಾಮೆರಾ ಅಲ್ಲೇ ನಿಂತು ನೋಡುತ್ತೆ. ರಕ್ತಕ್ಕಿಂತ ಹೆಣ ಕೆಳಗೆ ಬಿದ್ದಾಗ ಕಲ್ಲಿನ ನೆಲಕ್ಕೆ ತಲೆ ಬಡಿಯೋ ಸದ್ದು ನನಗೆ ಜಾಸ್ತಿ ಹಿಂಸೆ ಅನ್ಸಿದ್ದು. ಊಟ ಮಾಡ್ತಾ ನೋಡೋರು, ಅದರಲ್ಲೂ ಬೇಕರಿಯಿಂದ ಪಫ್ಸ್ ತಂದಿಟ್ಕೊಂಡು ನೋಡೋರು, ಆಮೇಲೆ ನನ್ನ ಬೈಬೇಡಿ.

ಇನ್ನೊಂದು ವಿಷಯ, ಇದು ಮ್ಯೂಸಿಕಲ್ ಅಂತ ಗೊತ್ತಿದ್ದೇ ಕೂತ್ಕೊಳ್ಳಿ. ಬಿಡುಗಡೆ ಟೈಮಲ್ಲಿ ಟ್ರೇಲರ್‌ನಲ್ಲಿ ಹಾಡು ಇದೆಯೋ ಇಲ್ವೋ ಅನ್ನೋ ಹಾಗೆ ಕತ್ತರಿಸಿದ್ರು, ಹಾರರ್ ಸಿನಿಮಾ ಅಂದ್ಕೊಂಡು ಟಿಕೆಟ್ ತಗೊಂಡು ಹೋದೋರು ಥಿಯೇಟರಲ್ಲಿ ಪೆಚ್ಚಾದ್ರು. ನಮಗೆ ಹಾಡು ಹೊಸದೇನಲ್ಲ ಬಿಡಿ, ಆದ್ರೆ ನಮ್ಮ ಸಿನಿಮಾದಲ್ಲಿ ಹಾಡು ಬಂದ್ರೆ ಕಥೆ ಐದು ನಿಮಿಷ ಕಾಫಿ ಕುಡಿಯೋಕೆ ಹೋಗುತ್ತೆ, ಇಲ್ಲಿ ಹಾಡು ನಿಂತ್ರೆ ಕಥೇನೇ ನಿಲ್ಲುತ್ತೆ. ಇದಕ್ಕೆ ಹತ್ತಿರ ಅಂದ್ರೆ ನಮ್ಮ ಕಂಪನಿ ನಾಟಕ. ಅಲ್ಲಿ ಜಗಳ, ಪ್ರೀತಿ, ಸಾವು ಎಲ್ಲಾ ರಂಗಗೀತೆಯಲ್ಲೇ ಆಗೋದು, ಜನ ಒನ್ಸ್‌ಮೋರ್ ಅಂದ್ರೆ ಸತ್ತೋನೂ ಎದ್ದು ಇನ್ನೊಂದ್ಸಲ ಹಾಡಿ ಸಾಯ್ತಿದ್ದ. ಆ ಮನಸ್ಸಲ್ಲಿ ಕೂತ್ರೆ ಅರ್ಧ ಕೆಲಸ ಆದಂಗೆ.

ಹೆಜ್ಜೆ 2: ಈ ಕತೆ ಎಲ್ಲಿಂದ ಬಂತು ಅಂತ ಸ್ವಲ್ಪ ತಿಳ್ಕೊಳ್ಳಿ

ಇದನ್ನ ಸ್ಕಿಪ್ ಮಾಡ್ಬೇಡಿ, ಯಾಕಂದ್ರೆ ಒಬ್ಬ ವಿಲನ್ ಹೇಗೆ ಹೀರೋ ಆದ ಅನ್ನೋದೇ ಇಲ್ಲಿ ಮಜಾ.

1846ರ ಕೊನೆಯಿಂದ 1847ರವರೆಗೆ ಲಂಡನ್‌ನ ಎಡ್ವರ್ಡ್ ಲಾಯ್ಡ್ ಅನ್ನೋ ಪ್ರಕಾಶಕನ ವಾರಪತ್ರಿಕೆಯಲ್ಲಿ ‘ದಿ ಸ್ಟ್ರಿಂಗ್ ಆಫ್ ಪರ್ಲ್ಸ್’ ಅಂತ ಒಂದು ಧಾರಾವಾಹಿ ಬಂತು. ಒಂದು ಪೆನ್ನಿ (ಇಂಗ್ಲೆಂಡಿನ ಚಿಲ್ಲರೆ ನಾಣ್ಯ) ಕೊಟ್ರೆ ಸಿಗ್ತಿದ್ದ ಅಗ್ಗದ ಭಯಾನಕ ಕತೆಗಳ ಕಾಲ ಅದು, ನಮ್ಮ ಬಸ್‌ಸ್ಟ್ಯಾಂಡ್ ಪತ್ತೇದಾರಿ ಕಾದಂಬರಿಗಳ ಮುತ್ತಾತ ಅನ್ಕೊಳ್ಳಿ. ಅದರಲ್ಲಿ ಸ್ವೀನಿ ಟಾಡ್ ಬರೀ ದುಡ್ಡಿನಾಸೆಯ ಕ್ಷೌರಿಕ. ಫ್ಲೀಟ್ ಸ್ಟ್ರೀಟ್‌ನಲ್ಲಿ ಅಂಗಡಿ, ಗಿರಾಕಿ ಕೂತ ಕುರ್ಚಿ ತಿರುಗಿ ನೆಲಮಾಳಿಗೆಗೆ ಉರುಳುತ್ತೆ, ಮಾಂಸ ಪಕ್ಕದ ಲವೆಟ್ಟಮ್ಮನ ಪೈ ಅಂಗಡಿಗೆ ಹೋಗುತ್ತೆ. ಕತೆ ಮುಗಿಯೋಕೆ ಮುಂಚೇನೇ ಜಾರ್ಜ್ ಡಿಬ್ಡಿನ್ ಪಿಟ್ ಅನ್ನೋನು ಅದನ್ನ ನಾಟಕ ಮಾಡಿ ಲಂಡನ್‌ನ ಬ್ರಿಟಾನಿಯಾ ಥಿಯೇಟರಲ್ಲಿ ಆಡಿಸಿಬಿಟ್ಟ. ಕೆಲವರು ಇವನು ನಿಜವಾಗ್ಲೂ ಇದ್ದ, ಗಲ್ಲಿಗೇರಿಸಿದ್ರು ಅಂತೆಲ್ಲ ಹೇಳ್ತಾರೆ, ಒಪ್ಪೋವಂಥ ದಾಖಲೆ ಯಾವುದೂ ಸಿಕ್ಕಿಲ್ಲ. ಫ್ಲೀಟ್ ಸ್ಟ್ರೀಟ್ ಮಾತ್ರ ನಿಜ, ಆಮೇಲೆ ಬ್ರಿಟನ್ನಿನ ಪತ್ರಿಕೆಗಳ ಬೀದಿ ಅಂತ ಹೆಸರಾಗಿದ್ದು ಅದೇ.

(ಪೈ ಅಂದ್ರೆ ಮಂಗಳೂರಿನ ಪೈ ಮಾಮ್ ಅಲ್ಲಪ್ಪ. ಕೊಚ್ಚಿದ ಮಾಂಸದ ಹೂರಣ ತುಂಬಿ, ಮೇಲೆ ಹಿಟ್ಟಿನ ಮುಚ್ಚಳ ಹಾಕಿ ಓವನ್ನಲ್ಲಿ ಬೇಯಿಸೋ ತಿಂಡಿ. ಬಡವರ ಊಟ. ಒಳಗೇನಿದೆ ಅಂತ ಹೊರಗಿಂದ ಕಾಣಲ್ಲ, ಇಡೀ ಕತೆ ನಿಂತಿರೋದೇ ಅದರ ಮೇಲೆ.)

ಆಮೇಲೆ ನೂರಿಪ್ಪತ್ತು ವರ್ಷ ಟಾಡ್ ರಾಕ್ಷಸನಾಗೇ ಉಳಿದಿದ್ದ. 1970ರ ಹೊತ್ತಿಗೆ ಕ್ರಿಸ್ಟೋಫರ್ ಬಾಂಡ್ ಅನ್ನೋ ಬ್ರಿಟಿಷ್ ನಾಟಕಕಾರ ಒಂದು ಕೆಲಸ ಮಾಡಿದ್ರು, ಟಾಡ್‌ಗೆ ಒಂದು ನೋವು ಕೊಟ್ರು. ಹೆಂಡತಿ ಮೇಲೆ ಕಣ್ಣು ಹಾಕಿದ ಜಡ್ಜ್ ಒಬ್ಬ ಸುಳ್ಳು ಕೇಸ್ ಹಾಕಿ ಅವನನ್ನ ಆಸ್ಟ್ರೇಲಿಯಾಗೆ ಕಳಿಸ್ತಾನೆ. ಆಗ ಇಂಗ್ಲೆಂಡಿಂದ ಕೈದಿಗಳನ್ನ ಹಡಗಲ್ಲಿ ತುಂಬಿ ಆಸ್ಟ್ರೇಲಿಯಾಗೆ ಸಾಗಿಸ್ತಿದ್ರು, ನಮ್ಮೋರಿಗೆ ಅಂಡಮಾನಿನ ಕರಿನೀರು ಇದ್ದಂಗೆ. ಅಷ್ಟು ಸೇರಿಸಿದ್ದೇ ಸೇರಿಸಿದ್ದು, ಪೆನ್ನಿ ಕತೆ ದುರಂತ ನಾಟಕ ಆಗಿಹೋಯ್ತು. ಅದನ್ನ ಲಂಡನ್‌ನಲ್ಲಿ ನೋಡಿದ ಅಮೆರಿಕದ ಸಂಗೀತ ಸಂಯೋಜಕ ಸ್ಟೀಫನ್ ಸೊಂಡ್‌ಹೈಮ್, ಇದನ್ನ ಹಾಡಲ್ಲಿ ಹೇಳ್ಬೇಕು ಅಂತ ಹೊರಟ್ರು. 1979ರ ಮಾರ್ಚ್ 1ಕ್ಕೆ ನ್ಯೂಯಾರ್ಕಿನ ನಾಟಕಗಳ ಬೀದಿ ಬ್ರಾಡ್‌ವೇಯ ಯೂರಿಸ್ ಥಿಯೇಟರಲ್ಲಿ ಶುರು, ಹೆರಾಲ್ಡ್ ಪ್ರಿನ್ಸ್ ನಿರ್ದೇಶನ, ಹ್ಯೂ ವೀಲರ್ ಬರೆದ ಮಾತು, ಲೆನ್ ಕ್ಯಾರಿಯೂ ಟಾಡ್, ಏಂಜೆಲಾ ಲ್ಯಾನ್ಸ್‌ಬರಿ ಮಿಸೆಸ್ ಲವೆಟ್. 557 ಪ್ರದರ್ಶನ, 8 ಟೋನಿ ಪ್ರಶಸ್ತಿ (ನಾಟಕದೋರ ಆಸ್ಕರ್ ಅನ್ಕೊಳ್ಳಿ). ಅದನ್ನೇ ಟಿಮ್ ಬರ್ಟನ್ 2007ರಲ್ಲಿ ಸಿನಿಮಾ ಮಾಡಿದ್ದು, ಸ್ಕ್ರಿಪ್ಟ್ ಜಾನ್ ಲೋಗನ್ ಅವರದ್ದು.

ಹೆಜ್ಜೆ 3: ಸೆಟಪ್

ಇದು ಚಿಕ್ಕದು. ಹೆಡ್‌ಫೋನ್ ಅಥವಾ ಒಳ್ಳೇ ಸ್ಪೀಕರ್, ಟಿವಿಯ ಸ್ಪೀಕರ್ ನಂಬ್ಕೋಬೇಡಿ. ನಾಟಕದಲ್ಲಿ 27 ಜನ ನುಡಿಸ್ತಿದ್ದ ಆರ್ಕೆಸ್ಟ್ರಾನ ಸಿನಿಮಾಗೆ 78 ಜನಕ್ಕೆ ಏರಿಸಿದ್ರು, ಏರಿಸಿದೋರು ಮೂಲ ನಾಟಕಕ್ಕೆ ವಾದ್ಯ ಜೋಡಿಸಿದ್ದ ಜೊನಾಥನ್ ಟ್ಯೂನಿಕ್ಕೇ. ಆ ತಂತಿವಾದ್ಯಗಳ ಗುಂಯ್ ಅನ್ನೋದು ಫೋನ್ ಸ್ಪೀಕರ್‌ನಲ್ಲಿ ಸೊಳ್ಳೆ ಥರ ಕೇಳುತ್ತೆ.

ಸಬ್‌ಟೈಟಲ್ ಹಾಕ್ಕೊಳ್ಳಿ, ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದ್ರೂ ಹಾಕ್ಕೊಳ್ಳಿ. ಪ್ರಾಸದ ಮೇಲೆ ಪ್ರಾಸ, ಅದರ ಮೇಲೆ ಲಂಡನ್ ಬೀದಿ ಉಚ್ಚಾರಣೆ, ಒಂದು ಸಾಲು ತಪ್ಪಿದ್ರೆ ಮುಂದಿನ ಜೋಕು ಹೋಯ್ತು. ಲೈಟ್ ಆರಿಸಿ, ಸಿನಿಮಾನೇ ಕಪ್ಪು ಬಿಳುಪಿಗೆ ಒಂಚೂರು ಬಣ್ಣ ಬಿದ್ದಂಗಿದೆ, ರೂಮಲ್ಲಿ ಟ್ಯೂಬ್‌ಲೈಟ್ ಉರೀತಿದ್ರೆ ಬರೀ ನಿಮ್ಮ ಮುಖಾನೇ ಕಾಣೋದು. 116 ನಿಮಿಷ, ಮಧ್ಯೆ ಏಳ್ಬೇಡಿ.

ಹೆಜ್ಜೆ 4: ಇಷ್ಟು ಕತೆ ಗೊತ್ತಿದ್ರೆ ಸಾಕು

ಬೆಂಜಮಿನ್ ಬಾರ್ಕರ್ ಅನ್ನೋ ಕ್ಷೌರಿಕ 15 ವರ್ಷ ಆದ್ಮೇಲೆ ಸ್ವೀನಿ ಟಾಡ್ ಅಂತ ಹೆಸರು ಬದಲಾಯಿಸ್ಕೊಂಡು ಲಂಡನ್‌ಗೆ ವಾಪಸ್ ಬರ್ತಾನೆ. ಅವನ ಹಳೇ ಅಂಗಡಿ ಕೆಳಗೆ ಮಿಸೆಸ್ ಲವೆಟ್ (ಹೆಲೆನಾ ಬೊನಮ್ ಕಾರ್ಟರ್) ಪೈ ಅಂಗಡಿ ಇಟ್ಕೊಂಡು ನೊಣ ಹೊಡೀತಿದ್ದಾಳೆ. ಹೆಂಡತಿ ಲೂಸಿ ವಿಷ ತಗೊಂಡ್ಳು, ಮಗಳು ಜೊಹಾನಾ ಅದೇ ಜಡ್ಜ್ ಟರ್ಪಿನ್ (ಆಲನ್ ರಿಕ್‌ಮನ್) ಮನೇಲಿ ಬಂದಿ. ಸೇಡು. ಇಷ್ಟೇ. ಮಿಕ್ಕಿದ್ದು ನೋಡಿ.

ಹೆಜ್ಜೆ 5: ಮೊದಲನೇ ಸಲ ನೋಡುವಾಗ ಎಲ್ಲೆಲ್ಲಿ ಕಿವಿ ಕೊಡ್ಬೇಕು

ಎಲ್ಲಾ ಹಾಡನ್ನೂ ಲಿಸ್ಟ್ ಮಾಡೋಕೆ ಹೋಗಲ್ಲ, ನಾಲ್ಕು ಕಡೆ ಸಾಕು.

ಮೊದಲನೇದು ಲವೆಟ್ ಪರಿಚಯದ ಹಾಡು, ಲಂಡನ್‌ನಲ್ಲೇ ಅತಿ ಕೆಟ್ಟ ಪೈ ನನ್ನದೇ ಅಂತ ಅವಳೇ ಹೇಳ್ಕೊಳ್ಳೋದು. ಹಾಡೋದಕ್ಕಿಂತ ಅವಳ ಕೈ ನೋಡಿ. ಹಿಟ್ಟು ಎತ್ತಿ ಬಡಿಯೋದು, ಲಟ್ಟಣಿಗೆ, ಜಿರಳೆ ಮೇಲೆ ಪಟ್ ಅಂತ ಏಟು, ಎಲ್ಲಾ ತಾಳಕ್ಕೆ ಸರಿಯಾಗಿ ಬೀಳುತ್ತೆ. ಬೊನಮ್ ಕಾರ್ಟರ್ ಇದಕ್ಕೆ ಪೈ ಮಾಡ್ತಾ ಹಾಡೋದನ್ನ ಬೇರೆಯಾಗಿ ಪ್ರಾಕ್ಟೀಸ್ ಮಾಡಿದ್ರು. ಮನೇಲಿ ಚಪಾತಿ ಲಟ್ಟಿಸ್ತಾ ಒಂದು ಫಾಸ್ಟ್ ಹಾಡು ಹೇಳಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ಎರಡನೇದು ಟಾಡ್ ತನ್ನ ಹಳೇ ಬೆಳ್ಳಿ ಹಿಡಿಯ ಕತ್ತಿಗಳನ್ನ ಮತ್ತೆ ಕೈಗೆ ತಗೊಳ್ಳೋದು. ಅವನು ಕತ್ತಿಗೆ ಹಾಡೋ ರೀತಿ ಇದ್ಯಲ್ಲ, ಅಪ್ಪಟ ಪ್ರೇಮಗೀತೆ. ಪಕ್ಕದಲ್ಲಿ ಲವೆಟ್ ನಿಂತು ಅವನಿಗೋಸ್ಕರ ಹಾಡ್ತಿದ್ದಾಳೆ, ಅವನು ಕತ್ತಿಗೋಸ್ಕರ ಹಾಡ್ತಿದ್ದಾನೆ, ಇಬ್ಬರ ದನಿ ಸೇರುತ್ತೆ, ಕಣ್ಣು ಸೇರಲ್ಲ. ಇಡೀ ಸಿನಿಮಾದ ಸಂಬಂಧ ಆ ಮೂರು ನಿಮಿಷದಲ್ಲಿದೆ. ಡೆಪ್ ದನಿ ಬಗ್ಗೆ ಜನ ಮೂಗು ಮುರೀತಾರೆ, ತರಬೇತಿ ಪಡೆದ ಗಾಯಕ ಅಲ್ಲ ಅನ್ನೋದು ನಿಜ, ಹುಡುಗನಾಗಿದ್ದಾಗ ರಾಕ್ ಬ್ಯಾಂಡಲ್ಲಿ ಇದ್ದೋನು. ನಾಟಕದಲ್ಲಿ ಈ ಪಾತ್ರಕ್ಕೆ ಗೋಡೆ ನಡುಗೋವಂಥ ದನಿ ಬೇಕು, ಕೊನೇ ಸಾಲಿನಲ್ಲಿ ಕೂತೋನಿಗೂ ಮುಟ್ಬೇಕಲ್ಲ. ಇಲ್ಲಿ ಕ್ಯಾಮೆರಾ ಮೂಗಿನ ತುದೀಲಿ ಇದೆ, ಪಿಸುಗುಟ್ಟಿದ್ರೂ ಸಾಕು. ನನಗಂತೂ ಆ ಒಣಗಿದ ದನಿಯೇ ಸರಿ ಅನ್ಸುತ್ತೆ, 15 ವರ್ಷ ಯಾರ ಹತ್ರಾನೂ ಮಾತಾಡದ ಮನುಷ್ಯ ಇನ್ನು ಹೇಗೆ ಹಾಡ್ತಾನೆ.

ಮೂರನೇದು, ಜಡ್ಜ್ ಶೇವಿಂಗ್‌ಗೆ ಬಂದು ಕುರ್ಚಿಯಲ್ಲಿ ಕೂರೋ ದೃಶ್ಯ. ನನ್ನ ಲೆಕ್ಕದಲ್ಲಿ ಸಿನಿಮಾದ ಎದೆಬಡಿತ ಇಲ್ಲಿದೆ. ಜಡ್ಜ್‌ಗೆ ಇವನು ಯಾರು ಅಂತ ಗೊತ್ತಿಲ್ಲ, ಮದುವೆ ಕನಸಲ್ಲಿದ್ದಾನೆ, ಗುನುಗ್ತಾನೆ. ಟಾಡ್ ಸಿಳ್ಳೆ ಹಾಕ್ತಾನೆ. ನೊರೆ ಹಚ್ಚಿದ ಗಂಟಲ ಮೇಲೆ ಕತ್ತಿ ಇದೆ, ಒಂದೇ ಎಳೆತ ಸಾಕು, ಆದ್ರೆ ಅವನು ಎಳೆಯಲ್ಲ, ಚಪ್ಪರಿಸ್ಕೊಂಡು ತಡ ಮಾಡ್ತಾನೆ. ಇಬ್ಬರೂ ಹೆಂಗಸರ ಚೆಲುವಿನ ಬಗ್ಗೆ ಎಷ್ಟು ಇಂಪಾಗಿ ಹಾಡ್ತಾರೆ ಅಂದ್ರೆ ಕಣ್ಣು ಮುಚ್ಕೊಂಡ್ರೆ ಹಳೇ ಸ್ನೇಹಿತರು ಸಂಜೆ ಕೂತು ಹಾಡ್ತಿದ್ದಾರೆ ಅನ್ಬೇಕು. ಕಿವಿಗೆ ಜೋಗುಳ, ಕಣ್ಣಿಗೆ ಕೊಲೆ. ಇದನ್ನ ನೋಡಿ ಒಂದು ವಾರಕ್ಕೆ ನಾನು ನಮ್ಮ ಬೀದಿ ಕಟಿಂಗ್ ಶಾಪಿಗೆ ಹೋಗಿದ್ದೆ, ಅಲ್ಲಿ ಅಣ್ಣ ಅರ್ಧ ಬ್ಲೇಡ್ ಹಾಕಿದ ಕತ್ತಿ ಕುತ್ತಿಗೆಗಿಟ್ಟು ರೇಡಿಯೋ ಜೊತೆ ಗುನುಗೋಕೆ ಶುರು ಮಾಡಿದ, ಉಸಿರು ಹಿಡ್ಕೊಂಡು ಕೂತಿದ್ದೆ ಸ್ವಾಮಿ.

ನಾಲ್ಕನೇದು, ಇಬ್ಬರೂ ಕಿಟಕಿಯಿಂದ ಬೀದಿ ನೋಡ್ತಾ ಯಾವ ಕಸುಬಿನೋರ ಮಾಂಸ ಹೇಗಿರುತ್ತೆ ಅಂತ ಲೆಕ್ಕ ಹಾಕೋ ಹಾಡು. ಪಾದ್ರಿಗಳು ಶರೀರದ ಪಾಪ ಮಾಡಲ್ವಲ್ಲ, ಹಾಗಾಗಿ ಫ್ರೆಶ್ಶಾಗಿರ್ತಾರಂತೆ. ಹೀಗೇ ವಕೀಲ, ಕವಿ, ಒಬ್ಬೊಬ್ಬರಿಗೂ ಒಂದೊಂದು. ಇದರಲ್ಲಿ ಇಬ್ಬರೂ ಪ್ರಾಸದಲ್ಲಿ ಜಿದ್ದಿಗೆ ಬೀಳ್ತಾರೆ, ನೀನೊಂದು ಅಂದ್ರೆ ನಾನೊಂದು. ನಗು ಬಂದೇ ಬರುತ್ತೆ. ನಕ್ಕ ಮೇಲೆ ‘ಅಯ್ಯೋ ನಾನ್ಯಾಕೆ ನಕ್ಕೆ’ ಅನ್ಸುತ್ತಲ್ಲ, ಸೊಂಡ್‌ಹೈಮ್‌ಗೆ ಬೇಕಾಗಿದ್ದೇ ಅದು. ದೊಡ್ಡೋರು ಸಣ್ಣೋರನ್ನ ತಿಂದೇ ಬದುಕೋದು, ನಾವು ಅದನ್ನ ನಿಜವಾಗ್ಲೂ ಮಾಡ್ತೀವಿ ಅಷ್ಟೇ, ಅನ್ನೋದು ಆ ಹಾಡಿನ ವಾದ. ಫ್ಯಾಕ್ಟರಿ ಹೊಗೆಯ ಲಂಡನ್‌ನಲ್ಲಿ ಕೂತು ಹೇಳಿದ ಮಾತು.

ಹೆಜ್ಜೆ 6: ರಕ್ತದ ಬಣ್ಣ

ರಕ್ತ ನಿಜವಾದ ರಕ್ತದಂಗಿಲ್ಲ, ಕುಂಕುಮಕ್ಕೆ ಕಿತ್ತಳೆ ಬಣ್ಣ ಕಲಸಿದಂಗಿದೆ, ಕಾರಂಜಿ ಥರ ಚಿಮ್ಮುತ್ತೆ. ಇದನ್ನ ಕಳಪೆ ಮೇಕಪ್ ಅನ್ಕೋಬೇಡಿ, ಬೇಕಂತಲೇ ಮಾಡಿದ್ದು. ಬಣ್ಣ ಹಿಂಡಿ ತೆಗೆದ ಚಿತ್ರದಲ್ಲಿ ಮಾಮೂಲಿ ರಕ್ತ ಕಪ್ಪಾಗಿ ಕಾಣುತ್ತೆ, ಎದ್ದು ಕಾಣ್ಬೇಕಂದ್ರೆ ಹೀಗೇ ಹಾಕ್ಬೇಕು. ರಂಗದ ಮೇಲೆ ಚೆಲ್ಲೋ ರಕ್ತ ಇದು. ಸೆಟ್ಟೆಲ್ಲ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ್ದು, ಡಾಂಟೆ ಫೆರೆಟ್ಟಿ ಮತ್ತು ಫ್ರಾನ್ಚೆಸ್ಕಾ ಲೊ ಸ್ಕಿಯಾವೊ ಅದಕ್ಕೇ 2008ರಲ್ಲಿ ಆಸ್ಕರ್ ತಗೊಂಡ್ರು. ಡೆಪ್‌ಗೆ ನಾಮಿನೇಷನ್ ಮಾತ್ರ.

ಬಣ್ಣ ಪೂರ್ತಿ ಬರೋದು ಎರಡೇ ಕಡೆ. ಹಳೇ ನೆನಪಲ್ಲಿ, ಆಮೇಲೆ ಲವೆಟ್ ಕಾಣೋ ಸಮುದ್ರತೀರದ ಹಗಲುಗನಸಲ್ಲಿ. ನೀಲಿ ಆಕಾಶ, ಪಟ್ಟೆಪಟ್ಟೆ ಈಜುಡುಗೆ, ಮದುವೆ. ಅವಳ ಕನಸಲ್ಲೂ ಟಾಡ್ ಹೆಣದಂಗೆ ಮುಖ ಮಾಡ್ಕೊಂಡು ಕೂತಿರ್ತಾನೆ ನೋಡಿ. ಕನಸಲ್ಲೂ ಅವನನ್ನ ನಗಿಸೋಕಾಗಲ್ಲ ಅವಳ ಕೈಲಿ.

ಇಲ್ಲಿ ನಿಲ್ಲಿಸಿ. ಹೋಗಿ ಸಿನಿಮಾ ನೋಡ್ಕೊಂಡು ಬನ್ನಿ. ಇಲ್ಲಿಂದ ಮುಂದೆ ಕೊನೆ ಗೊತ್ತಿರೋರಿಗೆ ಮಾತ್ರ.

ಹೆಜ್ಜೆ 7: ಎರಡನೇ ಸಲ, ಬರೀ ಆ ಭಿಕ್ಷುಕಿ ಹಿಂದೆ ಹೋಗಿ

ನೋಡಿದ್ರಾ? ಸರಿ. ಒಂದು ವಾರ ಬಿಡಿ, ಮತ್ತೆ ಹಾಕಿ. ಈ ಸಲ ಟಾಡ್‌ನ ಮರೆತುಬಿಡಿ, ಬೀದೀಲಿ ಓಡಾಡೋ ಆ ಹುಚ್ಚು ಭಿಕ್ಷುಕಿ ಎಲ್ಲೆಲ್ಲಿ ಬರ್ತಾಳೆ ಅಂತ ಮಾತ್ರ ನೋಡಿ.

ಮೊದಲು ಜಡ್ಜ್ ಮನೆ ಮುಂದೆ. ನಾವಿಕ ಹುಡುಗ ಆಂಟನಿ ಕಿಟಕಿಯಲ್ಲಿ ಜೊಹಾನಾನ ನೋಡಿ ಸೋತು ನಿಂತಿದ್ದಾನೆ, ಪಕ್ಕದಲ್ಲಿ ಈಕೆ ಭಿಕ್ಷೆ ಬೇಡ್ತಾ ಬರ್ತಾಳೆ, ಇದು ಯಾರ ಮನೆ ಅಂತ ಅವನಿಗೆ ಹೇಳೋಳೇ ಇವಳು. ಊರೆಲ್ಲ ಬಿಟ್ಟು ಆ ಮನೆ ಮುಂದೇನೇ ಯಾಕೆ ಸುಳಿದಾಡ್ತಾಳೆ ಅಂತ ಮೊದಲ ಸಲ ಯಾರೂ ಕೇಳ್ಕೊಳ್ಳಲ್ಲ. ಕಿಟಕಿ ಹಿಂದೆ ಇರೋದು ಅವಳ ಮಗಳು.

ಈಗ ಹಿಂದಕ್ಕೆ ಹೋಗಿ, ಲವೆಟ್ ಟಾಡ್‌ಗೆ ಹಳೇ ಕತೆ ಹೇಳೋ ಹಾಡು ಹಾಕಿ. ಜಡ್ಜ್ ಮನೇಲಿ ಮುಖವಾಡದ ಪಾರ್ಟಿ, ಲೂಸಿ ಕಂಗಾಲಾಗಿ ಅಲ್ಲಿ ಹೋಗ್ತಾಳೆ, ಎಲ್ಲರೂ ನೋಡ್ತಾ ನಗ್ತಾ ಇರೋ ಹಾಗೇ ಅವಳ ಮೇಲೆ ಅತ್ಯಾಚಾರ ಆಗುತ್ತೆ. ಹಿನ್ನೆಲೆಯಲ್ಲಿ ಒಂದು ಮಿನ್ಯುಯೆಟ್ ಕುಣಿತದ ಸಂಗೀತ ಬರುತ್ತೆ. ನಾಟಕದ ರೆಕಾರ್ಡಿಂಗ್‌ನಲ್ಲಿ ಭಿಕ್ಷುಕಿ ಗಂಡಸರನ್ನ ಅಸಭ್ಯವಾಗಿ ಕರೆಯುವಾಗ ಹಾಡೋ ಧಾಟಿ ಇದ್ಯಲ್ಲ, ಅದೇ ಇದು, ಬೇರೆ ಲಯದಲ್ಲಿ. ಅಂದ್ರೆ ಆವತ್ತು ರಾತ್ರಿಯ ಸಂಗೀತ ಅವಳ ತಲೆಯಿಂದ ಹೋಗೇ ಇಲ್ಲ, ಬುದ್ಧಿ ಹೋಗಿದೆ, ಹೆಸರು ಹೋಗಿದೆ, ಆ ರಾಗ ಮಾತ್ರ ಉಳ್ಕೊಂಡಿದೆ. ಇದು ಹೊಳೆದಾಗ ನಾನು ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿರ್ದೇಶಕ ಮುಚ್ಚಿಟ್ಟಿದ್ದನ್ನ ಸಂಯೋಜಕ ಮೊದಲೇ ಬಿಚ್ಚಿಟ್ಟಿದ್ದಾನೆ, ನಾವು ಕೇಳಿಸ್ಕೊಳ್ಳಲಿಲ್ಲ ಅಷ್ಟೇ.

ಅದೇ ಹಾಡು ಮುಗಿದ್ಮೇಲೆ ಲವೆಟ್ ಹೇಳೋ ಮಾತನ್ನ ಪದಪದ ಕೇಳಿ. ಲೂಸಿ ವಿಷ ತಗೊಂಡ್ಳು ಅಂತಾಳೆ, ಮೂಲೆ ಅಂಗಡಿಯಿಂದ ತಂದ ಆರ್ಸೆನಿಕ್ ಅಂತಾಳೆ, ತಡೆದೆ ಕೇಳ್ಲಿಲ್ಲ ಅಂತಾಳೆ. ಸತ್ತಳು ಅಂತ ಎಲ್ಲೂ ಹೇಳಲ್ಲ. ಆ ಪದಾನ ತುಂಬಿಸ್ಕೊಂಡೋನು ಟಾಡ್, ಅವನ ಜೊತೆ ನಾವೂ. ಕೊನೇಲಿ ಅವಳು ಇದನ್ನೇ ವಾದ ಮಾಡ್ತಾಳೆ, ನಾನೆಲ್ಲಿ ಸುಳ್ಳು ಹೇಳಿದೆ ಅಂತ. ವಕೀಲರೂ ಇಷ್ಟು ಚೆನ್ನಾಗಿ ನುಣುಚಿಕೊಳ್ಳಲ್ಲ.

ಇಲ್ಲಿಂದ ಮುಂದೆ ಸಿನಿಮಾ ಬೇರೇನೇ ಆಗುತ್ತೆ. ಟಾಡ್ ಮಗಳ ಹೆಸರು ಹಿಡಿದು ಕೊಲೆ ಮೇಲೆ ಕೊಲೆ ಮಾಡ್ತಾ ಹಾಡೋದಿದ್ಯಲ್ಲ, ಇಡೀ ಸಿನಿಮಾದಲ್ಲೇ ಸುಂದರವಾದ ರಾಗ ಅದು. ಕತ್ತು ಸೀಳ್ತಾನೆ, ಪೆಡಲ್ ಒತ್ತುತ್ತಾನೆ, ಹೆಣ ಜಾರುತ್ತೆ, ಮುಂದಿನವನು. ಮಗಳ ಮುಖ ಜ್ಞಾಪಕ ಬರೋದು ನಿಧಾನಕ್ಕೆ ಕಮ್ಮಿ ಆಗ್ತಿದೆ ಅನ್ನೋದನ್ನ ಸಮಾಧಾನವಾಗಿ ಹಾಡ್ತಾನೆ. ಮಧ್ಯೆ ಮಧ್ಯೆ ಅದೇ ಭಿಕ್ಷುಕಿ ಬಂದು ಆ ಚಿಮಣಿ ಹೊಗೆ ನೋಡಿ, ಆ ನಾತ ನೋಡಿ ಅಂತ ಬೊಬ್ಬೆ ಹೊಡೀತಾಳೆ. ಇಡೀ ಲಂಡನ್‌ನಲ್ಲಿ ನಿಜ ಹೇಳ್ತಿರೋಳು ಅವಳೊಬ್ಬಳೇ, ಹುಚ್ಚಿ ಅಂತ ಎಲ್ಲರೂ ಓಡಿಸ್ತಾರೆ. ಲವೆಟ್ ಓಡಿಸೋದಕ್ಕೆ ಬೇರೆ ಕಾರಣ ಇದೆ ಅಂತ ಈಗ ನಿಮಗೆ ಗೊತ್ತು.

ಕೊನೆಗೆ ಅವಳು ಅಂಗಡಿಗೆ ಹತ್ತಿ ಬರ್ತಾಳೆ, ಕೆಳಗೆ ಜಡ್ಜ್ ಬರೋ ಸದ್ದು, ಟಾಡ್‌ಗೆ ಅವಸರ. ನಿಮ್ಮನ್ನ ಎಲ್ಲೋ ನೋಡಿದೀನಲ್ಲ ಸ್ವಾಮಿ ಅನ್ನೋ ಥರ ಕೇಳ್ತಾಳೆ. ಮೊದಲ ಸಲ ಆ ಮಾತು ಹುಚ್ಚಿಯ ಬಡಬಡಿಕೆ. ಎರಡನೇ ಸಲ ನಾನು ಪಾಸ್ ಒತ್ತಿದ್ದೆ.

ಅಂದ ಹಾಗೆ ಲೂಸಿ, ಭಿಕ್ಷುಕಿ ಇಬ್ಬರೂ ಒಬ್ಬಳೇ ನಟಿ, ಲಾರಾ ಮಿಶೆಲ್ ಕೆಲ್ಲಿ. ಲಂಡನ್ ರಂಗಭೂಮಿಯಲ್ಲಿ ಪಳಗಿದ ಗಾಯಕಿ. ಇಡೀ ಚಿತ್ರದಲ್ಲಿ ಪಕ್ಕಾ ಹಾಡೋಕೆ ಬರೋರಲ್ಲಿ ಒಬ್ಬಳಾದ ಇವಳಿಗೇ ಭಿಕ್ಷೆ ಬೇಡೋ ನಾಲ್ಕು ಸಾಲು ಕೊಟ್ಟಿದ್ದಾರೆ, ಅದೂ ಒಂದು ವಿಪರ್ಯಾಸವೇ.

ಹೆಜ್ಜೆ 8: ನಾಟಕದ ಜೊತೆ ಹೋಲಿಸಿ

ಇಷ್ಟು ಬಂದ್ಮೇಲೆ ರಂಗದ ಮೇಲಿನ ಪ್ರದರ್ಶನಾನೇ ಚಿತ್ರೀಕರಿಸಿ 1982ರಲ್ಲಿ ಟಿವಿಯಲ್ಲಿ ತೋರಿಸಿದ ವರ್ಷನ್ ಹುಡುಕಿ ನೋಡಿ, ಜಾರ್ಜ್ ಹರ್ನ್ ಟಾಡ್, ಲ್ಯಾನ್ಸ್‌ಬರಿ ಲವೆಟ್. ಸಿನಿಮಾಗಿಂತ ತುಂಬಾ ಉದ್ದ, ಎರಡು ಕಂತಲ್ಲಿ ನೋಡಿ. ಕ್ಯಾಮೆರಾ ಕೆಲಸ ಹಳೇದು, ಅದಕ್ಕೆ ತಲೆಕೆಡಿಸ್ಕೋಬೇಡಿ.

ದೊಡ್ಡ ವ್ಯತ್ಯಾಸ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ನಾಟಕ ಶುರುವಾಗೋದೇ ಗುಂಪುಹಾಡಿನಿಂದ, ಸತ್ತೋರು ಬದುಕಿದೋರು ಎಲ್ಲಾ ಬಂದು ನಿಂತು ಸ್ವೀನಿ ಟಾಡ್ ಕತೆ ಕೇಳಿ ಅಂತ ಕರೀತಾರೆ, ಮಧ್ಯೆ ಮಧ್ಯೆ ಮತ್ತೆ ಬರ್ತಾರೆ, ಕೊನೆಗೂ ಬರ್ತಾರೆ. ಚರ್ಚಿನಲ್ಲಿ ಸತ್ತೋರಿಗೆ ಹಾಡೋ ಮಧ್ಯಯುಗದ ‘ದಿಯೆಸ್ ಇರೆ’ ಅನ್ನೋ ಸ್ತೋತ್ರದ ಸ್ವರಗಳನ್ನ ಸೊಂಡ್‌ಹೈಮ್ ಅದರೊಳಗೆ ಹೆಣೆದಿದ್ದಾರೆ. ಬರ್ಟನ್ ಆ ಗುಂಪುಹಾಡಿನ ಮಾತೆಲ್ಲ ಕಿತ್ತು ಬರೀ ವಾದ್ಯಸಂಗೀತ ಉಳಿಸ್ಕೊಂಡ್ರು. ಹಳೇ ಡ್ರಾಕುಲಾ ಸಿನಿಮಾಗಳ ನಟ ಕ್ರಿಸ್ಟೋಫರ್ ಲೀ ಥರದೋರನ್ನ ಪ್ರೇತಗಳ ಪಾತ್ರಕ್ಕೆ ಗೊತ್ತುಮಾಡಿ ಆಮೇಲೆ ಕೈಬಿಟ್ರು. ಯಕ್ಷಗಾನದಲ್ಲಿ ಭಾಗವತರನ್ನೇ ಎಬ್ಬಿಸಿ ಕಳಿಸಿದಂಗೆ ಇದು. ಅವರಿದ್ರೆ ‘ಇದು ಕತೆ ಕಣಪ್ಪ, ಹೆದರ್ಬೇಡ’ ಅನ್ನೋ ಒಂದು ಧೈರ್ಯ ಇರುತ್ತೆ, ಅವರು ಹೋದ್ರೆ ನಾವು ಟಾಡ್ ಜೊತೆ ಒಂದೇ ರೂಮಲ್ಲಿ ಬಾಗಿಲು ಹಾಕ್ಕೊಂಡಂಗೆ. ಸಿನಿಮಾ ಮಟ್ಟಿಗೆ ಬರ್ಟನ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ, ನಾಟಕದ ಅಭಿಮಾನಿಗಳು ಹೊಡೆಯೋಕೆ ಬರ್ತಾರೆ.

ಬರ್ಟನ್ ಮಾಡಿದ ತಪ್ಪು ಅಂದ್ರೆ ಲವೆಟ್ ಪಾತ್ರ. ಲ್ಯಾನ್ಸ್‌ಬರಿ ಲವೆಟ್ ಪಕ್ಕದ್ಮನೆ ಆಂಟಿ, ಬಾಯಿ ಬಡ್ಕೊಂಡು, ಲೆಕ್ಕ ಹಾಕ್ಕೊಂಡು, ಏಪ್ರನ್‌ಗೆ ಕೈ ಒರೆಸ್ಕೊಂಡು ನರಮಾಂಸದ ಐಡಿಯಾ ಕೊಡ್ತಾಳೆ, ಸಾರಿಗೆ ಒಗ್ಗರಣೆ ಹಾಕೋಷ್ಟು ಸಲೀಸಾಗಿ. ಅದು ನಗು ತರಿಸುತ್ತೆ, ಅದಕ್ಕೇ ಜಾಸ್ತಿ ಭಯ. ಬೊನಮ್ ಕಾರ್ಟರ್ ಕಣ್ಣಿಗೆ ಕಪ್ಪು ಬಳ್ಕೊಂಡು ಮೊದಲಿಂದಲೂ ಸ್ಮಶಾನದಿಂದ ಎದ್ದು ಬಂದಂಗಿದ್ದಾಳೆ, ಇಬ್ಬರೂ ಹೆಣಗಳೇ ಆದ್ರೆ ಅವನಿಗೂ ಇವಳಿಗೂ ಏನು ವ್ಯತ್ಯಾಸ ಉಳೀತು. ಅವಳು ನಿಜವಾಗ್ಲೂ ಗೆಲ್ಲೋದು ಹುಡುಗ ಟೋಬಿ ಜೊತೆಗಿನ ದೃಶ್ಯದಲ್ಲಿ. ಅವನು ನಿನಗೇನೂ ಆಗೋಕೆ ಬಿಡಲ್ಲ ಅಂತ ಹಾಡ್ತಾನೆ, ಅವಳು ಅವನನ್ನ ಅಪ್ಕೊಂಡಿರ್ತಾಳೆ, ಅಷ್ಟರಲ್ಲಿ ಇವನಿಗೆ ವಿಷಯ ಗೊತ್ತಾಗಿದೆ ಅಂತ ಅವಳಿಗೆ ಹೊಳೆಯುತ್ತೆ, ಕಣ್ಣಲ್ಲಿ ನೀರು, ಅದೇ ಕಣ್ಣಲ್ಲಿ ಇವನನ್ನ ಎಲ್ಲಿ ಕೂಡಿಹಾಕೋದು ಅನ್ನೋ ಲೆಕ್ಕ. ಅಲ್ಲಿ ನಾಟಕಕ್ಕಿಂತ ಸಿನಿಮಾ ಮೇಲು, ಯಾಕಂದ್ರೆ ನಾಟಕದಲ್ಲಿ ಟೋಬಿ ಬೆಳೆದ, ಬುದ್ಧಿ ಸ್ವಲ್ಪ ಮಂದವಾದ ಹುಡುಗ, ಸಿನಿಮಾದಲ್ಲಿ ನಿಜವಾದ ಪುಟ್ಟ ಮಗು.

ಮಿಕ್ಕ ವ್ಯತ್ಯಾಸಗಳು ಸಣ್ಣವು, ಆಂಟನಿ ಮತ್ತೆ ಜೊಹಾನಾ ಹಾಡುಗಳು ಕಮ್ಮಿಯಾಗಿವೆ, ನನಗೇನೂ ನಷ್ಟ ಅನ್ಸಲ್ಲ.

ಹೆಜ್ಜೆ 9: ಟೈಟಲ್ಸ್ ಮತ್ತೆ ನೋಡಿ

ಎಲ್ಲಾ ಆದ್ಮೇಲೆ ಶುರುವಿನ ಟೈಟಲ್ ಕಾರ್ಡ್‌ಗಳನ್ನ ಇನ್ನೊಂದ್ಸಲ ಹಾಕಿ. ಆರ್ಗನ್ ಸದ್ದು, ಮಳೆ, ಒಂದು ತೊಟ್ಟು ರಕ್ತ. ಅದು ಕುರ್ಚಿ ಮೇಲಿಂದ ಇಳಿದು, ಹಲ್ಲುಚಕ್ರಗಳ ಮಧ್ಯೆ ಜಿನುಗಿ, ಮಾಂಸ ರುಬ್ಬೋ ಮಿಷನ್ ದಾಟಿ, ಚರಂಡಿಗೆ ಹರಿಯುತ್ತೆ. ಮೊದಲ ಸಲ ಬರೀ ಡಿಸೈನ್ ಅನ್ಸಿದ್ದು ಈಗ ಪೂರ್ತಿ ಕತೆ.

ಚಿಕ್ಕಮ್ಮನಿಗೆ ಹೋದ ವರ್ಷ 1982ರದ್ದು ತೋರಿಸಿದೆ. ಅದರಲ್ಲಿ ರಕ್ತ ದೂರದಲ್ಲಿದೆ, ಲ್ಯಾನ್ಸ್‌ಬರಿ ಇದಾರೆ, ಪೂರ್ತಿ ಕೂತು ನೋಡಿದ್ರು, ಪಾದ್ರಿ ಜೋಕಿಗೆ ನಕ್ರು ಕೂಡ. ಕೊನೇಲಿ ಟೋಬಿ ಕೂದಲೆಲ್ಲ ಬೆಳ್ಳಗಾಗಿ ಬರ್ತಾನೆ, ಟಾಡ್ ಕುತ್ತಿಗೆ ಕೊಯ್ತಾನೆ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಹೋಗಿ ಮಾಂಸ ರುಬ್ಬೋ ಹಿಡಿ ತಿರುಗಿಸ್ತಾ ನಿಲ್ತಾನೆ. ಬರ್ಟನ್ ಸಿನಿಮಾದಲ್ಲಿ ಹಾಗಲ್ಲ, ಹುಡುಗ ಕತ್ತಿ ಬಿಟ್ಟು ಕತ್ತಲಲ್ಲಿ ಹೊರಟು ಹೋಗ್ತಾನೆ, ಹೆಂಡತಿ ಹೆಣ ಮಡಿಲಲ್ಲಿಟ್ಕೊಂಡ ಟಾಡ್ ಮೇಲೆ ಚಿತ್ರ ನಿಲ್ಲುತ್ತೆ. ನಾನು ಈ ವ್ಯತ್ಯಾಸಾನ ಚಿಕ್ಕಮ್ಮನಿಗೆ ವಿವರಿಸೋಕೆ ಹೊರಟೆ. ಅವರು ಪೂರ್ತಿ ಕೇಳಿಸ್ಕೊಳ್ಳದೇನೇ ‘ಆ ಮಗೂಗೆ ಯಾರೂ ಊಟ ಹಾಕ್ಲಿಲ್ವೇನೋ ಆಮೇಲೆ’ ಅಂದ್ರು.